ಸಮುದ್ರದ ಎದುರು ಇಪ್ಪತ್ತು ಸೆಕೆಂಡು

ಅವಳಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಆದರೆ ಆ ಹೆಸರು ಹಿಡಿದು ಶಾಲೆಯ ಅಂಗಳದಲ್ಲಿ ಕೂಗಿದರೆ ಒಂದು ಮಗುವೂ ತಿರುಗಿ ನೋಡುವುದಿಲ್ಲ. ಮಕ್ಕಳ ಪಾಲಿಗೆ ಅವಳು ಚೂರು ಮಿಸ್. ಕೆಲಸಕ್ಕೆ ನಿಂತಳೆಂದರೆ ನಿಮಿಷಕ್ಕೆ ಹತ್ತು ಸಲ ಅವಳ ಬಾಯಿಂದ ಬರುವ ಮಾತು ಅದೊಂದೇ, "ಚೂರು, ಚೂರೇ ಚೂರು." ಮಣ್ಣಿನ ಗೊಂಬೆಯ ಕಾಲನ್ನು ಅಕ್ಕಿಕಾಳಿನಷ್ಟು ಮುಂದಿಡಬೇಕು, ಕೈ ತೆಗೆಯಬೇಕು, ಕ್ಯಾಮೆರಾದ ಗುಂಡಿ ಒತ್ತಬೇಕು. ಮತ್ತೆ ಚೂರು, ಮತ್ತೆ ಕೈ, ಮತ್ತೆ ಗುಂಡಿ. ಹೀಗೆ ಹನ್ನೆರಡು ಫೋಟೊ ತೆಗೆದರೆ ಪರದೆಯ ಮೇಲೆ ಒಂದೇ ಒಂದು ಸೆಕೆಂಡು. ಮೂವತ್ತು ಮಕ್ಕಳು ಬೆಳಗಿನಿಂದ ಬೆವರು ಸುರಿಸಿದರೆ ಗೊಂಬೆ ರಸ್ತೆ ದಾಟಿ ಒಂದು ಸಲ ಸೀನುತ್ತದೆ, ಅಷ್ಟೇ. ಇಷ್ಟಕ್ಕೆ ಇಷ್ಟೆಲ್ಲ ಪಾಡೇ ಎಂದು ಮೂಗು ಮುರಿಯುವವರು ಆ ಗೊಂಬೆ ಮೊದಲ ಸಲ ತಾನಾಗಿ ನಡೆಯುವ ಹೊತ್ತಿಗೆ ಆ ಕೋಣೆಯಲ್ಲಿರಬೇಕು. ಮಕ್ಕಳು ಹಾಕುವ ಕೇಕೆಗೆ ಪಕ್ಕದ ತರಗತಿಯ ಲೆಕ್ಕದ ಮೇಷ್ಟ್ರು ಸೀಮೆಸುಣ್ಣ ಕೆಳಗೆ ಹಾಕಿ ಓಡಿ ಬಂದದ್ದುಂಟು. ಬಂದವರು ಬೈಯುವುದನ್ನು ಮರೆತು ಇನ್ನೊಂದು ಸಲ ತೋರಿಸಿ ಎಂದದ್ದೂ ಉಂಟು.

ಈ ಹುಚ್ಚು ಅವಳಿಗೆ ಹತ್ತಿದ್ದು ಬಸ್ಸಿನಿಂದ. ಅವಳಪ್ಪ ಮೂವತ್ತನಾಲ್ಕು ವರ್ಷ ಒಂದೇ ದಾರಿಯ ಬಸ್ಸು ಓಡಿಸಿದವರು. ಅವಳು ಏಳು ವರ್ಷದವಳಿದ್ದಾಗ ಕಂಡಕ್ಟರ್ ಮಾವ ರದ್ದಾದ ಟಿಕೆಟ್ ಪುಸ್ತಕವೊಂದನ್ನು ಕೊಟ್ಟಿದ್ದ. ಹುಡುಗಿ ಅದರ ಪ್ರತಿ ಹಾಳೆಯ ಮೂಲೆಯಲ್ಲೂ ಒಂದೊಂದು ಬಸ್ಸು ಬರೆದಳು, ಪ್ರತಿಯೊಂದೂ ಹಿಂದಿನದಕ್ಕಿಂತ ಚೂರು ಮುಂದೆ. ಹೆಬ್ಬೆರಳಿನಿಂದ ಹಾಳೆಗಳನ್ನು ಸರ್ರನೆ ಬಿಟ್ಟರೆ ಬಸ್ಸು ಓಡಿತು! ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಡ್ಯೂಟಿ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದ ಅಪ್ಪನ ಮೂಗಿನ ಮುಂದೆ ಹಿಡಿದು ಮೂರು ಸಲ ಓಡಿಸಿದಳು. ಅಪ್ಪ ನೋಡಿ, ಆಟ ಸಾಕು, ಪಾಠ ಓದು ಎಂದರು. ಅವರ ಪ್ರಪಂಚದಲ್ಲಿ ಇದ್ದದ್ದು ಎರಡೇ, ಒಂದು ಡ್ಯೂಟಿ, ಇನ್ನೊಂದು ಆಟ. ಮುಂದೆ ಅವಳು ಜಾಹೀರಾತಿನ ಕಂಪನಿ ಸೇರಿ ಹಲ್ಲುಪುಡಿ ಡಬ್ಬಿಗಳಿಗೆ ಕೈಕಾಲು ಹಚ್ಚಿ ಆರು ವರ್ಷ ಕುಣಿಸಿದಳು. ಅದೂ ಆಟವೇ. ಅದನ್ನು ಬಿಟ್ಟು ಟ್ರಂಕಿನಲ್ಲಿ ಕ್ಯಾಮೆರಾ, ಎರಡು ಮೇಜುದೀಪ, ಐದು ಬಣ್ಣದ ಜೇಡಿಮಣ್ಣು ತುಂಬಿಕೊಂಡು ಶಾಲೆಯಿಂದ ಶಾಲೆಗೆ ಹೊರಟಾಗ ಅಪ್ಪ ಏನೂ ಹೇಳಲಿಲ್ಲ. ಇಷ್ಟು ದೊಡ್ಡ ಆಟಕ್ಕೆ ಅವರಲ್ಲಿ ಹೆಸರೇ ಇರಲಿಲ್ಲವೇನೋ.

ಆಮೇಲೆ ಅಪ್ಪ ನಿವೃತ್ತರಾದರು. ಆದವರು ಗೇಟಿಗೆ ಮುಖ ಮಾಡಿದ ಕುರ್ಚಿಯಲ್ಲಿ ಕೂತರು, ಕೂತವರು ಏಳಲಿಲ್ಲ. ಎಂಟು ತಿಂಗಳು. ಒಂಬತ್ತೂ ಹತ್ತಾದರೆ ಗೋಡೆ ಗಡಿಯಾರ ನೋಡಿ ಎರಡನೇ ಟ್ರಿಪ್ ಎನ್ನುವರು, ಹತ್ತೂ ನಲವತ್ತಕ್ಕೆ ಮೂರನೆಯದು ಎನ್ನುವರು. ಉಳಿದಂತೆ ಬಾಯಿಗೆ ಬೀಗ. ಊಟ ಅರ್ಧಕ್ಕೆ ಇಳಿಯಿತು. ಒಂದು ದಿನ ಅಮ್ಮ ಮಗಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಅಂದಳು, "ಈ ಮನುಷ್ಯ ಹೀಗೇ ಇದ್ರೆ ಕುರ್ಚಿಯಲ್ಲೇ ಕರಗಿ ಹೋಗ್ತಾರೆ ಕಣೇ. ನಿನ್ನ ಆಟನೋ ಪಾಟನೋ, ಎಲ್ಲಾದ್ರೂ ಸೇರಿಸಿಕೋ ಇವರನ್ನ."

ಆಗಲೇ ಅವಳ ಕೈಗೆ ಒಂದು ಕೆಲಸ ಬಂದಿತ್ತು. ನಾಲ್ಕನೇ ತರಗತಿಯ ಮಕ್ಕಳು ಮತ್ತು ಬಡಾವಣೆಯ ಹಿರಿಯರ ಸಂಘ ಸೇರಿ ಒಂದೇ ಸಿನಿಮಾ ಮಾಡಬೇಕು, ಎರಡನೇ ವಾರದ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಶಾಲೆಯ ಸಭಾಂಗಣದಲ್ಲಿ ತೋರಿಸಬೇಕು. ಕಥೆ ಕೊಟ್ಟವಳು ಪ್ರಶ್ನೆಪತ್ರಿಕೆ. ಎರಡು ಜಡೆಯ ಈ ಹುಡುಗಿ ಬಾಯಿ ತೆರೆದರೆ ಪ್ರಶ್ನೆಯೇ ಆದ್ದರಿಂದ ಇಡೀ ಶಾಲೆ ಕಟ್ಟಿದ ಹೆಸರು ಅದು. ದಿನವೂ ಅದೇ ದಾರಿ, ಅದೇ ಸ್ಟಾಪು ನೋಡಿ ಬೇಸತ್ತ ಬಸ್ಸೊಂದು ಒಂದು ದಿನ ಕೊನೆಯ ಸ್ಟಾಪಿನಲ್ಲಿ ತಿರುಗದೆ ನೇರ ಸಮುದ್ರಕ್ಕೆ ಹೋಗಿಬಿಡುತ್ತದೆ, ಮತ್ತೆ ಬರುವುದೇ ಇಲ್ಲ. ಕಥೆ ಕೇಳಿ ಚೂರು ಮಿಸ್ ಕುಣಿದಾಡಿದಳು. ಬೂಟಿನ ಡಬ್ಬಿ ಬಸ್ಸಾಯಿತು, ಬಾಟಲಿ ಮುಚ್ಚಳ ಚಕ್ರವಾಯಿತು. ನಾಲ್ಕು ಮೇಜು ಜೋಡಿಸಿ ಒಂದು ತುದಿಗೆ ಡಿಪೋ, ಇನ್ನೊಂದು ತುದಿಗೆ ಸಮುದ್ರ. ಸಮುದ್ರಕ್ಕಾಗಿ ಮಕ್ಕಳು ಮನೆಮನೆಯ ನೀಲಿ ಪ್ಲಾಸ್ಟಿಕ್ ಚೀಲಗಳನ್ನು ಲೂಟಿ ಹೊಡೆದು, ಉದ್ದುದ್ದ ಪಟ್ಟಿ ಕತ್ತರಿಸಿ, ಅಂಚಿಗೆ ಹತ್ತಿ ಅಂಟಿಸಿದರು.

ಅಪ್ಪನನ್ನು ಕರೆತರಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೊನೆಗೆ, ಡ್ರೈವರ್ ಇಲ್ಲದೆ ಗಾಡಿ ನಿಂತಿದೆ ಎಂದಳು. ಆ ಒಂದು ಮಾತಿಗೆ ಅವರು ಎದ್ದರು. ಕೋಣೆಗೆ ಬಂದವರೇ ಬೂಟಿನ ಡಬ್ಬಿಯ ಸುತ್ತ ಒಂದು ಸುತ್ತು ಹಾಕಿದರು, ಬಗ್ಗಿ ಚಕ್ರ ಒತ್ತಿ ನೋಡಿದರು. ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು.

"ಕನ್ನಡಿ ಇಲ್ಲದ ಗಾಡಿ ನಾನು ಹೊರಗೆ ತೆಗೆಯೋದಿಲ್ಲ" ಎಂದರು ಅಪ್ಪ.

ತಗೋ! ಮಕ್ಕಳಿಗೆ ಅಷ್ಟೇ ಸಾಕಾಯಿತು. ಬಿಸ್ಕತ್ತಿನ ಬೆಳ್ಳಿ ಕಾಗದದಿಂದ ಎರಡು ಕನ್ನಡಿ ಬಂದವು, ಊದುಬತ್ತಿಯ ಕಡ್ಡಿಯಿಂದ ವೈಪರ್ ಬಂತು, ಹೆಬ್ಬೆರಳುದ್ದದ ಮಣ್ಣಿನ ಡ್ರೈವರನಿಗೆ ಅಪ್ಪನದೇ ಖಾಕಿ ಅಂಗಿ, ಅಪ್ಪನದೇ ಬಕ್ಕತಲೆ. ಸೋಮವಾರ, ಮಂಗಳವಾರ ಬೆಳಿಗ್ಗೆ ಮಕ್ಕಳು ಬಸ್ಸನ್ನು ಡಿಪೋದಿಂದ ಕೊನೆಯ ಸ್ಟಾಪಿನವರೆಗೆ ಚೂರು ಚೂರೇ ನಡೆಸಿದರು. ಬುಧವಾರ, ಗುರುವಾರ ಮಧ್ಯಾಹ್ನ ಹಿರಿಯರ ಸರದಿ: ಅಪ್ಪ, ನಿವೃತ್ತ ನರ್ಸಮ್ಮ, ಒಬ್ಬ ದರ್ಜಿ. ಕೊನೆಯ ಸ್ಟಾಪಿನಿಂದ ಬಸ್ಸನ್ನು ಸಮುದ್ರಕ್ಕೆ ಮುಟ್ಟಿಸುವುದಷ್ಟೇ ಅವರ ಕೆಲಸ. ಆ ಎರಡೂ ಮಧ್ಯಾಹ್ನ ಅವಳಿಗೆ ಬೇರೊಂದು ಶಾಲೆಯಲ್ಲಿ ತರಗತಿಯಿತ್ತು. ಗಾಡಿ ನನ್ನ ಕೈಗೆ ಕೊಟ್ಟಾಯಿತಲ್ಲ, ನೀನು ಹೋಗು ಎಂದು ಅಪ್ಪ ಅವಳನ್ನು ಬಾಗಿಲಾಚೆ ದಾಟಿಸಿದರು. ಬುಧವಾರ ಸಂಜೆ ಅವಳು ಇಣುಕಿದಾಗ ಬಸ್ಸು ಸಮುದ್ರದ ದಡದಲ್ಲಿತ್ತು. ಅಂದು ರಾತ್ರಿ ಊಟಕ್ಕೆ ಅಪ್ಪ ಎರಡನೇ ಸಲ ಬಡಿಸಿಕೊಂಡರು. ಅಮ್ಮ ಮಗಳ ತೊಡೆ ಚಿವುಟಿದಳು.

ಗುರುವಾರ ಸಂಜೆ ಐದಕ್ಕೆ ಅವಳು ಓಡೋಡಿ ಬಂದಳು. ಸಂಘದವರು ಕೈ ತೊಳೆಯುತ್ತಿದ್ದರು. ಸಮುದ್ರದ ದಡದಲ್ಲಿ ಬಸ್ಸಿಲ್ಲ. ಎಲ್ಲಿ ಎಂದು ನೋಡಿದರೆ ನಾಲ್ಕು ಮೇಜಿನಾಚೆ, ಡಿಪೋದ ಒಳಗೆ, ಮೇಲೊಂದು ಕರವಸ್ತ್ರ ಹೊದ್ದು ನಿಂತಿದೆ. ಅವಳು ಕ್ಯಾಮೆರಾದ ಕೊನೆಯ ಫೋಟೊಗಳನ್ನು ತಿರುವಿದಳು. ಬಸ್ಸು ಒಂದೊಂದು ಸ್ಟಾಪಿನಲ್ಲೂ ನಿಂತು, ಮಣ್ಣಿನ ಜನರನ್ನು ಇಳಿಸುತ್ತ, ಶಿಸ್ತಾಗಿ ವಾಪಸ್ ಬಂದಿತ್ತು. ಒಂದಲ್ಲ ಎರಡಲ್ಲ, ನಾನೂರು ಫೋಟೊ! ಅವಳ ಪಿತ್ತ ನೆತ್ತಿಗೇರಿತು.

"ಅಪ್ಪಾ, ಈ ಬಸ್ಸು ವಾಪಸ್ ಬರೋದೇ ಇಲ್ಲ ಅಂತ ಹೇಳಿದ್ದೆನಲ್ಲ. ಕಥೆನೇ ಅದು."

"ಡಿಪೋದಿಂದ ತೆಗೆದ ಗಾಡಿ ಸಂಜೆ ಡಿಪೋಗೆ ಬರಬೇಕು," ಅಪ್ಪ ಟವೆಲಿನಿಂದ ಬೆರಳು ಒರೆಸುತ್ತ ಅಂದರು. "ದಾರೀಲಿ ಬಿಟ್ಟು ಬಂದೋನು ಡ್ರೈವರೇ ಅಲ್ಲ."

ಅವಳು ಸುಮ್ಮನಿರಬೇಕಿತ್ತು. ಇರಲಿಲ್ಲ. ಇದು ನಿಮ್ಮ ಡಿಪೋ ಅಲ್ಲ, ಮಕ್ಕಳ ಸಿನಿಮಾ ಎಂದುಬಿಟ್ಟಳು. ನರ್ಸಮ್ಮ ತಲೆ ತಗ್ಗಿಸಿದರು. ಅಪ್ಪ ಟವೆಲನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು ಹೊರಗೆ ನಡೆದರು. ಮನೆಗೆ ಹೋಗಿ ನೋಡಿದರೆ ಅದೇ ಕುರ್ಚಿ, ಅದೇ ಗೇಟು, ತಟ್ಟೆಯಲ್ಲಿ ಅರ್ಧ ಊಟ. ಅಮ್ಮ ಆ ತಟ್ಟೆಗೆ ಮುಚ್ಚಳ ಮುಚ್ಚಿಟ್ಟಳು, ಅದನ್ನು ನೋಡಿ ಅವಳಿಗೆ ಇನ್ನಷ್ಟು ನಾಚಿಕೆಯಾಯಿತು.

ಶುಕ್ರವಾರ ಎಂಟಕ್ಕೇ ಅವಳು ಶಾಲೆಯಲ್ಲಿದ್ದಳು. ಮಕ್ಕಳು ಬರುವ ಮೊದಲು ಆ ನಾನೂರು ಫೋಟೊಗಳನ್ನು ಕಿತ್ತು ಹಾಕಬೇಕು, ಬಸ್ಸು ಸಮುದ್ರ ಮುಟ್ಟಿದಲ್ಲಿಗೆ ಮುಗಿಸಬೇಕು. ಎಲ್ಲಿ ಕತ್ತರಿಸುವುದೆಂದು ನೋಡಲು ಹಿರಿಯರ ಭಾಗವನ್ನು ಮೊದಲಿನಿಂದ ಓಡಿಸಿದಳು. ಬಸ್ಸು ಕೊನೆಯ ಸ್ಟಾಪು ದಾಟಿತು, ದಡಕ್ಕೆ ಬಂತು, ನಿಂತಿತು. ಬಾಗಿಲು ತೆರೆಯಿತು. ಡ್ರೈವರ್ ಇಳಿದ. ಕಥೆಯಲ್ಲಿ ಅದನ್ನು ಯಾರೂ ಬರೆದಿರಲಿಲ್ಲ! ಇಳಿದವನು ನೀರಿನ ಅಂಚಿಗೆ ಹೋಗಿ, ಕೈ ಹಿಂದಕ್ಕೆ ಕಟ್ಟಿ ಸುಮ್ಮನೆ ನಿಂತ. ಬೇರೇನೂ ಅಲುಗುತ್ತಿಲ್ಲ, ಅಲೆಗಳು ಮಾತ್ರ. ಒಂದು ನೀಲಿ ಪಟ್ಟಿ ಏಳುತ್ತದೆ, ಅದರ ಹಿಂದಿನದು ಬೀಳುತ್ತದೆ, ಹತ್ತಿಯ ನೊರೆ ಅವನ ಕಾಲಿನವರೆಗೆ ಬಂದು ಹಿಂದೆ ಸರಿಯುತ್ತದೆ. ಹನ್ನೆರಡು ವರ್ಷದ ಕೆಲಸದಲ್ಲಿ ಅವಳೇ ಇಷ್ಟು ನಯವಾಗಿ ನೀರು ಆಡಿಸಿರಲಿಲ್ಲ. ಇಪ್ಪತ್ತು ಸೆಕೆಂಡು. ಇನ್ನೂರ ನಲವತ್ತು ಫೋಟೊ. ಅಂದರೆ ಬುಧವಾರದ ಇಡೀ ಮಧ್ಯಾಹ್ನ ಅಪ್ಪ ಬಗ್ಗಿ ನಿಂತು ಮಾಡಿದ್ದು ಇದನ್ನೇ.

ಸಭಾಂಗಣದ ಕಿಟಕಿಗಳಿಗೆ ಪರದೆ ಕಟ್ಟಲು ಬೇಗ ಬಂದಿದ್ದ ದರ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅಲೆ ಮುಟ್ಟಲು ಯಾರಿಗೂ ಬಿಡಲಿಲ್ಲ ನಿಮ್ಮಪ್ಪ ಎಂದ. ಬುಧವಾರ ಚಹಾ ಕುಡಿಯುವಾಗ ಅಪ್ಪ ಹೇಳಿದ್ದನ್ನೂ ತಿಳಿಸಿದ. ಅವರ ದಾರಿಯ ಕೊನೆಯ ಸ್ಟಾಪು ಸಮುದ್ರದ ತಡೆಗೋಡೆಯ ಪಕ್ಕದಲ್ಲೇ ಇತ್ತಂತೆ. ನಿಲುಗಡೆ ನಾಲ್ಕು ನಿಮಿಷ. ಅದರಲ್ಲಿ ಮೂರು ನಿಮಿಷ ಟ್ರಿಪ್ಪಿನ ಲೆಕ್ಕದ ಹಾಳೆ ತುಂಬುವುದಕ್ಕೆ, ಒಂದು ನಿಮಿಷ ಗಾಡಿ ತಿರುಗಿಸುವುದಕ್ಕೆ. ಗೋಡೆಯಾಚೆಯ ಸದ್ದನ್ನು ಮೂವತ್ತನಾಲ್ಕು ವರ್ಷ ಕೇಳಿದ್ದಷ್ಟೇ. ಡ್ಯೂಟಿಯ ಮಧ್ಯೆ ಗಾಡಿ ಬಿಟ್ಟು ಇಳಿಯುವ ಹಾಗಿಲ್ಲ. ರಜೆಯ ದಿನ ಹೋಗಬಹುದಿತ್ತಲ್ಲ ಎಂದು ನರ್ಸಮ್ಮ ಕೇಳಿದರೆ, ರಜೆಯಲ್ಲಿ ಬಸ್ಸು ಹತ್ತುವುದಕ್ಕೆ ಮನಸ್ಸಾಗುತ್ತಿರಲಿಲ್ಲ ಎಂದರಂತೆ.

ಅವಳು ಕುರ್ಚಿ ಹಿಂದೆ ತಳ್ಳಿ ಎದ್ದಳು. ಒಂದು ಫೋಟೊವನ್ನೂ ಕೀಳಲಿಲ್ಲ. ಹೊರಗೆ ಓಡಿ ಮನೆಗೆ ಫೋನ್ ಮಾಡಿ, ಮೂರು ಗಂಟೆಗೆ ಅಪ್ಪನನ್ನು ಕರೆದುಕೊಂಡೇ ಬರಬೇಕು, ಬರದಿದ್ದರೆ ಕುರ್ಚಿಸಮೇತ ಹೊತ್ತುಕೊಂಡು ಬಾ ಎಂದು ಅಮ್ಮನಿಗೆ ಹೇಳಿದಳು. ಆದರೆ ಫೋನ್ ಇಟ್ಟದ್ದೇ ಇನ್ನೊಂದು ಚಿಂತೆ. ವಾಪಸ್ ಬರದ ಬಸ್ಸಿಗಾಗಿ ಎರಡು ವಾರ ದುಡಿದ ಮಕ್ಕಳು ವಾಪಸ್ ಬಂದ ಬಸ್ಸನ್ನು ನೋಡಿ ಏನೆನ್ನುತ್ತಾರೋ! ಅಪ್ಪನ ಎದುರಿಗೇ ಛೀ ಎಂದರೆ ಅವರು ಇನ್ನೆಂದೂ ಆ ಕುರ್ಚಿ ಬಿಟ್ಟು ಏಳುವುದಿಲ್ಲ.

ಮೂರಕ್ಕೆ ಸಭಾಂಗಣ ಕಿಕ್ಕಿರಿದಿತ್ತು. ಅಮ್ಮ ಗೆದ್ದಿದ್ದಳು, ಅಪ್ಪ ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ, ಎದ್ದು ಹೋಗುವವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಕಿಟಕಿ ಪರದೆಗಳನ್ನು ಎಳೆದು ಕತ್ತಲು ಮಾಡಿದರು. ಬಸ್ಸು ಡಿಪೋದಿಂದ ಹೊರಬಿದ್ದದ್ದೇ ತಡ, ತಾವೇ ರೆಕಾರ್ಡ್ ಮಾಡಿದ್ದ ಬುರ್ರ್ ಎಂಬ ದನಿಗೆ ಮಕ್ಕಳು ಬೆಂಚಿನ ಮೇಲೆ ಹಾರಿದರು. ಬಕ್ಕತಲೆ ಕಂಡಾಗಲಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಸ್ಸು ದಡಕ್ಕೆ ಬಂತು, ಡ್ರೈವರ್ ಇಳಿದ, ಕೈ ಕಟ್ಟಿ ನಿಂತ. ಗದ್ದಲ ತಾನಾಗಿ ನಿಂತಿತು. ಮೂವತ್ತು ಮಕ್ಕಳು ಇಪ್ಪತ್ತು ಸೆಕೆಂಡು ಬಾಯಿ ಮುಚ್ಚಿ ಕೂತದ್ದು ಆ ಶಾಲೆಯ ಚರಿತ್ರೆಯಲ್ಲೇ ಮೊದಲು. ಆಮೇಲೆ ಡ್ರೈವರ್ ಹತ್ತಿದ, ಬಸ್ಸು ತಿರುಗಿತು, ಒಂದೊಂದೇ ಸ್ಟಾಪು ದಾಟಿ ಡಿಪೋ ಸೇರಿತು. ದೀಪ ಹತ್ತಿತು.

ಚಪ್ಪಾಳೆಯ ನಡುವೆಯೇ ಎರಡು ಜಡೆ ಎದ್ದು ನಿಂತವು. ಪ್ರಶ್ನೆಪತ್ರಿಕೆ ಸಾಲು ದಾಟಿ, ಮಿಸ್ ಕಡೆ ತಿರುಗಿಯೂ ನೋಡದೆ, ನೇರ ಕೊನೆಯ ಸಾಲಿಗೆ ನಡೆದಳು. ಚೂರು ಮಿಸ್ ಗೋಡೆಗೆ ಒರಗಿದಳು. 

"ತಾತ, ಬಸ್ಸು ಯಾಕೆ ವಾಪಸ್ ಬಂತು?"

ಅಪ್ಪ ಹುಡುಗಿಯತ್ತ ಬಗ್ಗಿದರು. "ಬೆಳಿಗ್ಗೆ ಸ್ಟಾಪಲ್ಲಿ ಜನ ಕಾಯ್ತಿರ್ತಾರಲ್ಲಮ್ಮಾ. ಬಸ್ಸು ಬರದಿದ್ರೆ ಅವರೇನು ಮಾಡ್ಬೇಕು?"

ಹುಡುಗಿ ಜಡೆಯ ತುದಿ ಕಚ್ಚಿ ಯೋಚಿಸಿದಳು. ಇಡೀ ತರಗತಿ ಅವಳ ತೀರ್ಪಿಗೆ ಕಾದಿತ್ತು.

"ಹಾಗಾದ್ರೆ ನಾಳೆ ಅವರನ್ನೂ ಸಮುದ್ರಕ್ಕೆ ಕರ್ಕೊಂಡು ಹೋಗ್ಬೇಕು," ಎಂದಳು. "ಎಲ್ಲಾ ಸ್ಟಾಪಿನವರನ್ನೂ. ಅವರೂ ಇಳೀಬೇಕು."

ಮೂವತ್ತು ಗಂಟಲುಗಳು ಒಟ್ಟಿಗೆ ಕೂಗಿದವು. ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಾರೆ, ನಾಯಿ ಹತ್ತಬಹುದೇ, ಲೆಕ್ಕದ ಮೇಷ್ಟ್ರ ಗೊಂಬೆಯನ್ನು ನೀರಿಗೆ ತಳ್ಳಬಹುದೇ ಎಂದು ಅಲ್ಲೇ ಜಗಳ ಶುರುವಾಯಿತು. ಅಷ್ಟು ಜನಕ್ಕೆ ಒಂದು ಗಾಡಿ ಸಾಲದು, ಎರಡು ಬೇಕು ಎಂದು ಅಪ್ಪ ನಡುವೆ ಬಾಯಿ ಹಾಕಿದರು. ನರ್ಸಮ್ಮ ಕಣ್ಣೊರೆಸಿಕೊಳ್ಳುತ್ತ ನಕ್ಕರು.

ಸಭಾಂಗಣ ಖಾಲಿಯಾಗುವಾಗ ಅವಳು ಟ್ರಂಕಿಗೆ ದೀಪಗಳನ್ನು ತುಂಬುತ್ತಿದ್ದಳು. ನಿನ್ನೆಯ ಮಾತಿಗೆ ಹೇಗೆ ಕ್ಷಮೆ ಕೇಳುವುದೆಂದು ತಿಳಿಯದೆ ತಲೆ ಎತ್ತಿರಲಿಲ್ಲ. ಅಪ್ಪ ಬಂದು ಪಕ್ಕದಲ್ಲಿ ನಿಂತರು. ಕ್ಯಾಮೆರಾ ಸ್ಟ್ಯಾಂಡಿನ ಕಾಲುಗಳನ್ನು ಒಂದೊಂದಾಗಿ ಮಡಚಿ ಒಳಗಿಟ್ಟರು.

"ಸೋಮವಾರ ಎಷ್ಟು ಗಂಟೆಗೆ ಡ್ಯೂಟಿ?" ಎಂದು ಕೇಳಿದರು.