ಮುತ್ಯಾ ಮೊಮ್ಮಗನ ಕಣ್ಣಿಗೆ ಕಾಣುವ ಬಣ್ಣ

ನಮ್ಮ ಮಿಲಿಂದನ ನೌಕರಿ ಕಾಯಂ ಆಯಿತು! ಮಗಳ ಮಗ, ಭಾಲ್ಕಿಯ ಒಂದು ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ. ಮೈಲೂರಿನ ನಮ್ಮ ಓಣಿಯಲ್ಲಿ ಹೇಳಿದವರಿಗೇ ಮತ್ತೆ ಹೇಳಿ ಬಂದೆ, ಆದರೂ ಅಂಜಿಕೆ ಹೋಗಿಲ್ಲ ನೋಡಿ.

ಶಾಲೆ ಅರ್ಧಕ್ಕೆ ಬಿಟ್ಟವನು ನಾನು. ಸಂತಪುರದ ಹೊಲದಲ್ಲಿ ಹಣ್ಣು ಮೆಣಸಿನಕಾಯಿ ಬಿಡಿಸಲು ಹೋದರೆ ಹಸಿಯದನ್ನೂ ಕಿತ್ತು ತರುತ್ತಿದ್ದೆ. ನನ್ನ ಕಣ್ಣಿಗೆ ಕೆಂಪು, ಹಸಿರು ಎರಡೂ ಒಣಹುಲ್ಲಿನ ಬಣ್ಣ. ಕಣ್ಣೆಂಬುದು ಹೊಲದ ಹಾಗೆ ಹೆಸರಿಗೆ ಬರೆದುಕೊಡುವ ಆಸ್ತಿಯಲ್ಲ. ಯಾರನ್ನೂ ಕೇಳದೆ ನನ್ನ ಈ ಕಣ್ಣು ಮಗಳ ಹಾದಿಯಿಂದ ಮೊಮ್ಮಗನಲ್ಲಿ ಹೋಗಿ ಕುಳಿತಿತ್ತು.

ಅವನದು ಕಪ್ಪು ಪರದೆಯ ಕೆಲಸ. ಚಿತ್ರವಿಲ್ಲ, ಗುಂಡಿಯಿಲ್ಲ; ಹುಕುಮನ್ನು ಅಕ್ಷರದಲ್ಲಿ ಬರೆದು ಎಂಟರ್ ಒತ್ತಬೇಕು. ಒತ್ತುವ ಮೊದಲೇ ಎಚ್ಚರವಾಗಲೆಂದು ನಕಲು ಮಾಡುವ ಹುಕುಂ ಹಸಿರಾಗಿ, ಅಳಿಸುವ ಹುಕುಂ ಕೆಂಪಾಗಿ ಕಾಣುವಂತೆ ಅಲ್ಲಿ ಹೊಂದಿಸಿಟ್ಟಿದ್ದರಂತೆ. ಮಿಲಿಂದ ಒಮ್ಮೆ ಅಳಿಸುವ ಹಳೆಯ ಹುಕುಮೊಂದನ್ನು ಪರದೆಗೆ ಮರಳಿ ಕರೆದು, ನಕಲಿನದೆಂದು ತಿಳಿದು ಒತ್ತಲು ಹೋದ. ಪಕ್ಕದ ಹುಡುಗಿ ಕೈ ಹಿಡಿಯದಿದ್ದರೆ ರೋಗಿಗಳ ದಾಖಲೆಯೆಲ್ಲ ಅಳಿಸಿಹೋಗುತ್ತಿತ್ತು. ಇನ್ನೊಮ್ಮೆ ಹೀಗಾದರೆ ಬರಬೇಡವೆಂದರು ಸಾಹೇಬರು. ಕೇಳಿದಾಗಿನಿಂದ ನನಗೆ ತುತ್ತು ಇಳಿಯಲಿಲ್ಲ. ಆ ಕಣ್ಣು ನನ್ನದಲ್ಲವೇ?

ರವಿವಾರ ಲ್ಯಾಪ್‌ಟಾಪನ್ನು ಮಿಲಿಂದ ನನ್ನ ಹೊರಸು ಮಂಚದ ಮೇಲೆ ತಂದಿಟ್ಟ.

"ಮುತ್ಯಾ, ಈ ಬಣ್ಣ ನಾವೇ ಬದಲಿ ಮಾಡ್ಲಿಕ್ಕಿ ಬರ್ತದ. ಯಾವುದು ಬ್ಯಾರೆ ಕಾಣ್ತದ, ನೀನೂ ನೋಡಿ ಹೇಳು."

ಒಂದೊಂದೇ ಬಣ್ಣ ಹಾಕಿದ. ಕಿತ್ತಳೆ ಹಸಿರಿನೊಳಗೆ ಕರಗಿತು, ನೇರಳೆ ನೀಲಿಯೊಳಗೆ. ಮಗಳು ಸುಜಾತಾ ಅಡುಗೆಮನೆಯಿಂದ ಇಣುಕಿ, "ಇಬ್ಬರೂ ಕೂಡಿ ನನಗ ಸೀರಿ ಮಾತ್ರ ಆರಿಸಬ್ಯಾಡ್ರಿ" ಎಂದಳು. ಕಡೆಗೆ ಎಲ್ಲ ಹುಕುಮಿಗೂ ನೀಲಿ, ಅಳಿಸುವುದಕ್ಕೆ ಮಾತ್ರ ಹಳದಿ ಎಂದಾಯಿತು. ಆ ಹಳದಿ ಕಂಡಾಗ ಇಬ್ಬರೂ ಒಟ್ಟಿಗೇ ಬೆಚ್ಚಿದೆವು. ಮರುದಿನ ಆಸ್ಪತ್ರೆಯ ತನ್ನ ಪರದೆಗೂ ಅದನ್ನೇ ಹೊಂದಿಸಿಕೊಂಡ.

ಇವತ್ತು ಸಾಹೇಬರು ಅವನ ಬೆನ್ನ ಹಿಂದೆ ನಿಂತು ಕೆಲಸ ನೋಡಿದರಂತೆ. ನಾನಿಲ್ಲಿ ಅಂಗಳದಲ್ಲಿ ಕೂರಲಾರದೆ, ನಿಲ್ಲಲಾರದೆ ಇದ್ದೆ. ಅಲ್ಲಿ ಅವಸರದಲ್ಲಿ ಮತ್ತೆ ಅದೇ ಹಳೆಯ ಹುಕುಂ ಪರದೆಗೆ ಬಂತಂತೆ. ಹಳದಿ! ಕೈ ತಾನೇ ಹಿಂದೆ ಸರಿಯಿತು. ಸಾಲನ್ನು ಪೂರಾ ಓದಿ, ಎಂಟರ್ ಒತ್ತದೆ ಅದನ್ನು ತೆಗೆದು, ಸರಿಯಾದದ್ದನ್ನು ಬರೆದ. ಸಂಜೆಗೆ ಕಾಯಂ ಎಂದರು.

ಗೆದ್ದು ಬಂದ ಸುದ್ದಿಯಲ್ಲೂ ನನಗೆ ಕಾಣುವುದು ಆ ಸರಿದ ಕೈಯೇ. ಮನುಷ್ಯನ ಅನ್ನ ಎಷ್ಟು ತೆಳುವಾದ ಬಣ್ಣದ ಮೇಲೆ ನಿಂತಿರುತ್ತದೆ!

ರಾತ್ರಿ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತೆವು. ಸುಜಾತಾ ಬಿಸಿ ರೊಟ್ಟಿ ಬಡಿಸುತ್ತಿದ್ದಳು. ಮಿಲಿಂದ ಮಾತ್ರ ರೊಟ್ಟಿ ಮುಟ್ಟದೆ ತಾಟು ನೋಡುತ್ತಿದ್ದ.

"ಅಂಜಿದ್ಯೇನೋ?" ಎಂದೆ.

"ಇನ್ನೂ ಅಂಜಿಕಿ ಅದ, ಮುತ್ಯಾ."

"ನನಗೂ ಅದ. ಉಣ್ಣು."

ಇಬ್ಬರೂ ರೊಟ್ಟಿ ಮುರಿದೆವು.