ಗೆಳತಿಯ ಮನೆಯ ಹೆಪ್ಪು

ನಾನೂ ಅವಳೂ ಬೆಳಗಾವಿಯ ಒಂದೇ ಪ್ರಯೋಗಾಲಯದಲ್ಲಿ, ಒಂದೇ ಮೇಜಿನ ಎದುರುಬದುರು ಕೂತು ಮೊಸರಿನ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುತ್ತಿದ್ದೆವು. ಅವಳ ಊರು ಖಾನಾಪುರ ತಾಲ್ಲೂಕಿನ ಬೀಡಿ. ಸೋಮವಾರ ಊರಿಂದ ಹೊರಡುವಾಗ ಅವಳ ಅಮ್ಮಿ ಸ್ಟೀಲ್ ಡಬ್ಬಿಯಲ್ಲಿ ಎಮ್ಮೆಯ ಮೊಸರು ಹಾಕಿ ಕೊಡುತ್ತಿದ್ದರು. ಖಾನಾಪುರದಲ್ಲಿ ಬಸ್ಸು ಬದಲಿಸಿ, ಬಿಸಿಲಲ್ಲಿ ಕುಲುಕಾಡಿ ಬಂದರೂ ಅದು ಹುಳಿಯಾಗುತ್ತಿರಲಿಲ್ಲ. ಮಧ್ಯಾಹ್ನ ಇಬ್ಬರೂ ನನ್ನ ರೊಟ್ಟಿಯ ಜೊತೆ ಅದನ್ನೇ ತಿಂದು ಕೋಟೆ ಕೆರೆಯ ತನಕ ನಡೆದು ಬರುತ್ತಿದ್ದೆವು.

ಒಂದು ದಿನ ಡಬ್ಬಿಯಲ್ಲಿ ಉಳಿದ ಮೊಸರನ್ನು ಅವಳು ತಮಾಷೆಗೆಂದು ಪರೀಕ್ಷೆಗೆ ತೆಗೆದುಕೊಂಡಳು. ಮೊಸರು ಕೆಡಿಸುವ ಜೀವಿಗಳನ್ನು ಗಾಜಿನ ತಟ್ಟೆಯ ತುಂಬ ಹರಡಿ, ಅಮ್ಮಿಯ ಮೊಸರಿನಿಂದ ಬೇರ್ಪಡಿಸಿದ ಜೀವಿಯ ಒಂದು ಚುಕ್ಕೆಯನ್ನು ನಡುವೆ ಇಟ್ಟಳು. ಮರುದಿನ ನೋಡಿದರೆ ಚುಕ್ಕೆಯ ಸುತ್ತ ದುಂಡಗೆ ಒಂದಿಷ್ಟು ಜಾಗ ತಿಳಿಯಾಗಿತ್ತು. ಅಲ್ಲಿ ಬೇರೆ ಯಾವುದೂ ಬೆಳೆದಿರಲಿಲ್ಲ.

“ನೋಡಿಲ್ಲಿ, ನಮ್ಮ ಅಮ್ಮಿ ಎಲ್ಲಾರ್ನೂ ಬೈದು ಹೊರಗ ಹಾಕ್ಯಾಳ!” ಎಂದು ನಕ್ಕಳು.

ಆ ಜೀವಿ ಪಕ್ಕದವರನ್ನು ಕೊಲ್ಲುವ ಒಂದು ಸಣ್ಣ ಪ್ರೋಟೀನನ್ನು ತಯಾರಿಸುತ್ತಿತ್ತು. ಆ ವಿದ್ಯೆ ಇದ್ದದ್ದು ಅದರ ಮುಖ್ಯ ವರ್ಣತಂತುವಿನಲ್ಲಲ್ಲ. ಬೇರೆಯಾಗಿಯೇ ಇರುವ ಡಿಎನ್‌ಎಯ ಪುಟ್ಟ ಉಂಗುರದಲ್ಲಿ. ಪ್ಲಾಸ್ಮಿಡ್ ಎನ್ನುತ್ತಾರೆ. ಇಂಥ ಕೆಲವು ಉಂಗುರಗಳು ಒಂದು ಜೀವಿಯಿಂದ ಇನ್ನೊಂದಕ್ಕೆ ದಾಟಬಲ್ಲವು. ನಾವಿಬ್ಬರೂ ಸೇರಿ ಆ ಉಂಗುರದ ಅಕ್ಷರಗಳನ್ನೆಲ್ಲ ಓದಿ ಇಟ್ಟುಕೊಂಡೆವು.

ಆಮೇಲೆ ಅಮ್ಮಿ ತೀರಿಕೊಂಡರು. ಎಮ್ಮೆ ಬೇರೆಯವರ ಕೊಟ್ಟಿಗೆಗೆ ಹೋಯಿತು. ಅವಳು ಮದುವೆಯಾಗಿ ರತ್ನಾಗಿರಿಗೆ ಹೋದಳು. ಎದುರಿನ ಕುರ್ಚಿಗೆ ಬೇರೆಯವರು ಬಂದರು, ಒಳ್ಳೆಯವರೇ. ಆದರೂ ಮಧ್ಯಾಹ್ನ ಕೆರೆಯ ಕಡೆ ಹೋಗುವುದನ್ನು ನಾನು ಬಿಟ್ಟುಬಿಟ್ಟೆ. ಅಮ್ಮಿಯ ಮೊಸರಿನ ಆ ಜೀವಿಯನ್ನು ಮಾತ್ರ ಕೊಳವೆಯಿಂದ ಕೊಳವೆಗೆ ದಾಟಿಸುತ್ತ ಜೋಪಾನ ಮಾಡಿದೆ.

ಹೋದ ವರ್ಷ ಅವಳ ಫೋನ್ ಬಂತು. ಅದೂ ಇದೂ ಮಾತಾಡಿ, ಕೊನೆಗೆ ಮೆಲ್ಲಗೆ ಕೇಳಿದಳು:

“ಅಮ್ಮಿ ಹೆಪ್ಪ ನಿನ್ನ ಕಡೆ ಇನ್ನೂ ಐತೇನ? ಇಲ್ಲಿ ಮಸರು ನನಗ ಸೇರೂದಿಲ್ಲ.”

“ಐತಿ, ಕಳಸ್ತೀನಿ” ಎಂದೆ. ಕಳಿಸುವ ಮೊದಲು ಒಮ್ಮೆ ನೋಡೋಣವೆಂದು ತಟ್ಟೆಗೆ ಹಾಕಿದೆ. ಮರುದಿನ ಚುಕ್ಕೆಯ ಸುತ್ತ ತಿಳಿಜಾಗವೇ ಇರಲಿಲ್ಲ. ಕೆಡಿಸುವ ಜೀವಿಗಳು ಅಂಚಿನ ತನಕ ಬಂದು ಕೂತಿದ್ದವು. ಇಷ್ಟು ವರ್ಷ ಅದು ಕೊಳವೆಯಲ್ಲಿ ಒಂಟಿಯಾಗಿತ್ತು. ಸಿಹಿಯಾದ ಆಹಾರ ಸಿಗುತ್ತಿತ್ತು, ಕಾದಾಡಲು ಯಾರೂ ಇರಲಿಲ್ಲ. ಉಂಗುರ ಕಳೆದುಕೊಂಡು ಅದರ ಭಾರ ಹೊರದ ಮರಿಗಳೇ ಬೇಗ ಬೇಗ ಬೆಳೆದು ಉಳಿದುಕೊಂಡಿದ್ದವು. ಹೀಗಾಗುವುದು ನಮ್ಮ ಕೆಲಸದಲ್ಲಿ ಹೊಸದಲ್ಲ. ಆದರೂ ಅದನ್ನೇ ಕಳಿಸಲು ಮನಸ್ಸಾಗದೆ, ಹಳೆಯ ಹೆಪ್ಪು ಊರಲ್ಲಿ ಯಾರ ಮನೆಯಲ್ಲಾದರೂ ಉಳಿದಿದೆಯೇ ನೋಡೋಣ ಎಂದುಕೊಂಡೆ.

ಆ ಭಾನುವಾರ ಬೀಡಿಗೆ ಹೋದೆ. ಅವಳ ಮನೆಯಲ್ಲಿ ಬಾಡಿಗೆಯವರಿದ್ದರು. ಪಕ್ಕದ ಮನೆಯ ಹಿರಿಯಾಕೆಯನ್ನು ಅವಳು ಕಾಕು ಎಂದು ಕರೆಯುತ್ತಿದ್ದಳು. ನಾನೂ ಹಾಗೇ ಕರೆದೆ. ಹಣೆಗೆ ವಿಭೂತಿ ಹಚ್ಚಿದ್ದ ಕಾಕು ಅವಳ ಹೆಸರು ಕೇಳಿದ್ದೇ ತಡ, ಕೈಹಿಡಿದು ಒಳಗೆ ಕರೆದರು.

“ಬರ್ರಿ, ಕುಂದರ್ರಿ. ಹುಡುಗಿ ಆರಾಮ ಅದಾಳೇನ್ರಿ? ಅವರವ್ವ ಇದ್ದಾಗ ಹೆಪ್ಪ ಇಲ್ಲಂದ್ರ ಈ ಗ್ವಾಡಿ ಮ್ಯಾಲಿಂದನ ವಾಟಿ ಕೊಡ್ತಿದ್ರು.”

“ಅದs ಹೆಪ್ಪ ಈಗೂ ನಡಸೀರೇನ್ರಿ ಕಾಕು?”

“ಅದs ಅಂತ ಹೆಂಗ ಹೇಳ್ಲಿ? ನಡುವ ಮಗಳ ಮನಿದೂ ಕೂಡೇತಿ, ಒಮ್ಮೊಮ್ಮಿ ಅಂಗಡಿ ಮಸರೂ ಕೂಡೇತಿ.”

ಒಂದು ಬಟ್ಟಲು ತುಂಬ ಮೊಸರು ಕೊಟ್ಟರು. ಅದರಲ್ಲಿ ಅಮ್ಮಿಯ ಜೀವಿಗಾಗಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಆದರೆ ಇನ್ಯಾವುದೋ ಜಾತಿಯ ಜೀವಿಯ ಚುಕ್ಕೆಯ ಸುತ್ತ ಅದೇ ತಿಳಿಜಾಗ ಕಂಡಿತು. ಅದರೊಳಗಿನ ಉಂಗುರ ತೆಗೆದು, ಹಿಂದೆ ನಾವು ಓದಿಟ್ಟಿದ್ದಕ್ಕೆ ಹೋಲಿಸಿದೆ. ಅದೇ ಉಂಗುರ. ಕಾಕುವಿನ ಗಡಿಗೆಯಲ್ಲಿ ಯಾವಾಗಲೋ ಅದು ದಾಟಿಕೊಂಡಿತ್ತು.

ಅಂದೇ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು:

“ರುಚಿ ಹೆಂಗೈತಿ?”

“ಚಲೋ ಐತಿ. ಖರೇ ಹೇಳ್ಬೇಕಂದ್ರ ಅಮ್ಮಿ ಮಸರಿನಂಗ ಇಲ್ಲ.”

“ಗೊತ್ತಿತ್ತು ಬಿಡು” ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. “ಕಳಸಬ್ಯಾಡ. ಮಳಿ ನಿಂತ ಮ್ಯಾಲ ನಾನs ಬರ್ತೀನಿ. ಇಬ್ಬರೂ ಕೂಡಿ ಉಣ್ಣೂಣು.”

ಮಳೆ ನಿಂತಿತು. ಅವಳ ಅತ್ತೆಗೆ ಆರಾಮಿಲ್ಲದಂತಾಯಿತು, ಬರಲಾಗಲಿಲ್ಲ. ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಸಂಜೆ ಹಾಲು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಕಾಕುವಿನ ಮೊಸರನ್ನೇ ಹೆಪ್ಪು ಹಾಕುತ್ತೇನೆ. “ಇಬ್ಬರಿಗೆ ಇಷ್ಟ್ಯಾಕ?” ಎನ್ನುತ್ತಾರೆ ನಮ್ಮವರು. ಯಾರಾದರೂ ಬಂದರೆ ಬೇಕಾಗುತ್ತದೆ ಎನ್ನುತ್ತೇನೆ.