ಖಾಲಿ ಎಂದು ಬರೆದಿದ್ದ ನಮ್ಮ ಓಣಿ

ಸುಮಾ, ಬಸು, ಮೊನ್ನೆ ಮಧ್ಯಾಹ್ನ ನಮ್ಮ ರಬಕವಿ ಮನೆಯ ಬಾಗಿಲಲ್ಲಿ ಒಬ್ಬ ಹುಡುಗಿ ಟ್ಯಾಬ್ ಹಿಡಿದು ನಿಂತಿದ್ದಳು. ಇಪ್ಪತ್ತು ವರ್ಷದ ನಂತರ ಊರು ಹೇಗಿರಬೇಕೆಂದು ಯೋಜನೆ ಮಾಡುತ್ತಾರಂತೆ, ಅದಕ್ಕೆ ಮನೆಮನೆಗೂ ಕೇಳುತ್ತಿದ್ದಳು. ಇಂಥದ್ದಕ್ಕೆಲ್ಲ ನಿಮ್ಮ ಅಜ್ಜನೇ ಉತ್ತರ ಕೊಡುತ್ತಿದ್ದರು. ಅವರು ಹೋದ ಮೇಲೂ ನಾನು ಹೊರಗಿನವರ ಮುಂದೆ ಬಾಯಿ ಬಿಟ್ಟವಳಲ್ಲ. ಆದರೆ ಅವಳ ಟ್ಯಾಬ್‌ನಲ್ಲಿದ್ದ ಊರಿನ ನಕ್ಷೆ ನೋಡುವ ಆಸೆ ತಡೆಯಲಾಗಲಿಲ್ಲ. ಹಕ್ಕಿಗೆ ಕಾಣುವಂತೆ ಮೇಲಿನಿಂದ ನಮ್ಮ ಓಣಿ! ಅದರ ಮೇಲೆ, ‘ಖಾಲಿ ಜಾಗ, ವಾಹನ ನಿಲ್ಲಿಸಲು ಸೂಕ್ತ’ ಎಂದಿತ್ತು.

“ಖಾಲಿ ಅಂತ ಯಾರ್ ಹೇಳಿದ್ರವಾ? ನಾಳೆ ಮುಂಜಾನಿ ಬಾ, ನೋಡು,” ಎಂದುಬಿಟ್ಟೆ.

ಬಂದಳು. ಸೀರೆಯ ಉದ್ದಕ್ಕೆ ಬರುವ ಹಾಸಿನ ನೂಲನ್ನು ಓಣಿಯ ಉದ್ದಕ್ಕೂ ಚಾಚಿ, ಮಗ್ಗದಲ್ಲಿ ಹರಿಯದಿರಲೆಂದು ನಾವು ಗಂಜಿ ಹಚ್ಚುತ್ತಿದ್ದೆವು. ಅವಳು ದಾಟಲು ಹೋದಾಗ ಪಕ್ಕದ ಮನೆಯ ಗಂಗವ್ವ ಕೂಗಿದಳು, “ಏ ತಂಗಿ, ದಾಟಬ್ಯಾಡ! ನೂಲು ಹರದ್ರ ಸೀರಿ ನೀನ ನೇಯಬೇಕಾಗತೈತಿ!”

ಹುಡುಗಿ ನಗುತ್ತ ಹಿಂದೆ ಸರಿದು, “ಇಲ್ಲಿ ಗಾಡಿ ನಿಲ್ಲಿಸಿದ್ರ ನೀವು ಇದನ್ನ ಎಲ್ಲಿ ಮಾಡ್ತೀರಿ ಅಜ್ಜಿ?” ಎಂದಳು.

“ಅದನ್ನ ನಾ ನಿನ್ನ ಕೇಳಾಕತ್ತೇನಿ,” ಎಂದೆ.

ಅವಳು ‘ಖಾಲಿ’ ಅಳಿಸಿ, ‘ಬೆಳಿಗ್ಗೆ ನೇಕಾರರು ನೂಲು ಚಾಚುವ ಜಾಗ’ ಎಂದು ಬರೆದು ನನಗೆ ಓದಿ ಹೇಳಿದಳು.

ಅವಳ ಮೇಲಿನ ಅಧಿಕಾರಿಗಳು ಅದನ್ನು ಒಪ್ಪುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಇಪ್ಪತ್ತು ವರ್ಷ ಕಳೆದ ಮೇಲೆ ಒಂದು ಮುಂಜಾನೆ ಇಬ್ಬರೂ ಬಂದು ಓಣಿಯನ್ನು ನೋಡಿ. ಅಲ್ಲಿಯವರೆಗೆ ನಾನು ಬರೆದ ಈ ಹಾಳೆಯನ್ನು ಜೋಪಾನವಾಗಿಡಿ.